ಲೆಕ್ಕದ ಪ್ರತಿಗಳು ಭಿನ್ನವಾದಾಗ : ಬ್ರಿಟನ್ನಿನ ‘ಹೊರೈಜನ್’ ಪ್ರಕರಣದ ವಿಚಾರ

ಒಂದೇ ಗ್ರಂಥದ ಹಲವು ಓಲೆಪ್ರತಿಗಳಲ್ಲಿ ಪಾಠಗಳು ಭಿನ್ನವಾಗಿದ್ದರೆ ಸಂಪಾದಕನು ಯಾವೊಂದನ್ನೂ ಒಡನೆಯೇ ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಪ್ರತಿಯ ಮೂಲ ಯಾವುದು, ಲಿಪಿಕಾರನು ಎಲ್ಲಿ ಬಿಟ್ಟನು, ಎಲ್ಲಿ ಎರಡು ಸಲ ಬರೆದನು ಎಂಬುದನ್ನು ಮೊದಲು ಪರಿಶೀಲಿಸುತ್ತಾನೆ. ಇಂದಿನ ದೊಡ್ಡ ವ್ಯಾಪಾರಸಂಸ್ಥೆಗಳ ಲೆಕ್ಕಪತ್ರಗಳೂ ಹೀಗೆಯೇ ಹಲವು ಗಣಕಯಂತ್ರಗಳಲ್ಲಿ ಪ್ರತಿಗಳಾಗಿರುತ್ತವೆ. ಒಂದೆಡೆ ಆದ ನಮೂದು ಉಳಿದೆಡೆಗಳಿಗೂ ತಲುಪಿ ಎಲ್ಲ ಪ್ರತಿಗಳೂ ಸಮನಾಗಿರಬೇಕು. ಈ ಹೊಂದಾಣಿಕೆ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮವೇನು, ಹುಡುಕದಿದ್ದರೆ ಒದಗುವ ಅನರ್ಥವೇನು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ‘ಹೊರೈಜನ್’ ವ್ಯವಸ್ಥೆ ನಿದರ್ಶನವಾಗಿದೆ.

ಐಸಿಎಲ್ ಕಂಪನಿಯು (ಇದು ಫುಜಿತ್ಸು ಸಂಸ್ಥೆಗೆ ಸೇರಿದ್ದು) ನಿರ್ಮಿಸಿದ ಈ ವ್ಯವಸ್ಥೆಯು 1999ರಿಂದ ಶಾಖೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರ ಮೊದಲ ರೂಪದಲ್ಲಿ ಪ್ರತಿಯೊಂದು ಕೌಂಟರಿನ ಯಂತ್ರವೂ ನಮೂದುಗಳನ್ನು ತನ್ನಲ್ಲಿರಿಸಿಕೊಂಡು, ‘ರಿಪೋಸ್ಟ್’ ಎಂಬ ತಂತ್ರಾಂಶದ ಮೂಲಕ ಶಾಖೆಯ ಇತರ ಕೌಂಟರುಗಳಿಗೂ ಕೇಂದ್ರಕ್ಕೂ ಅವುಗಳ ಪ್ರತಿಯನ್ನು ಕಳುಹಿಸುತ್ತಿತ್ತು.

ಸ್ಕಾಟ್‌ಲೆಂಡಿನ ಫಾಲ್ಕರ್ಕ್ ಪಟ್ಟಣದ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯಲ್ಲಿ 2005ರಲ್ಲಿ ಕಾಣಿಸಿಕೊಂಡ ದೋಷವು ಈ ರವಾನೆಗೆ ಸಂಬಂಧಿಸಿದ್ದು. ಅದರ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಶಾಖೆಯೊಳಗೆ ಒಂದು ವಿಭಾಗದಿಂದ ಇನ್ನೊಂದಕ್ಕೆ 5,000 ಪೌಂಡುಗಳನ್ನು ವರ್ಗಾಯಿಸಿ, ಅದನ್ನು ಒಂದು ಕೌಂಟರಿನಲ್ಲಿ ಸ್ವೀಕರಿಸಿದರೆನ್ನಿ. ಆ ಸುದ್ದಿ ಮತ್ತೊಂದು ಕೌಂಟರಿಗೆ ತಲುಪದಿದ್ದರೆ ಅಲ್ಲಿ ವರ್ಗಾವಣೆಯು ಇನ್ನೂ ಬಾಕಿಯಿರುವಂತೆಯೇ ತೋರುವುದು. ಅಲ್ಲಿಯೂ ಸ್ವೀಕರಿಸಿದರೆ ಲೆಕ್ಕದಲ್ಲಿ 10,000, ಪೆಟ್ಟಿಗೆಯಲ್ಲಿ 5,000. ಯಾರೂ ಮುಟ್ಟದ ಹಣಕ್ಕೆ 5,000ದ ಕೊರತೆ ಹುಟ್ಟಿತು!

ಇಂಥ ಸಂದರ್ಭದಲ್ಲಿ ಅನುಸರಿಸತಕ್ಕ ಕ್ರಮವು ಹೀಗಿದೆ. ಮೊದಲನೆಯದಾಗಿ, ಕಾರಣ ತಿಳಿಯುವ ಮುನ್ನ ಮೊತ್ತವನ್ನು ಸರಿದೂಗಿಸಲು ಹೊಸ ನಮೂದು ಮಾಡಕೂಡದು. ಅದು ಕುರುಹನ್ನೇ ಅಳಿಸುತ್ತದೆ. ಎರಡನೆಯದಾಗಿ, ಮೊತ್ತಗಳನ್ನಲ್ಲದೆ ಎರಡೂ ಪ್ರತಿಗಳ ನಮೂದುಗಳನ್ನು ಒಂದೊಂದಾಗಿ ಹೋಲಿಸಬೇಕು. ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಸಂಖ್ಯೆಯಿದ್ದರೆ ಬಿಟ್ಟುಹೋದದ್ದೂ ಎರಡು ಸಲ ಸೇರಿದ್ದೂ ಸುಲಭವಾಗಿ ಗೋಚರಿಸುತ್ತವೆ. ಮೂರನೆಯದಾಗಿ, ವ್ಯವಹಾರ ನಡೆದ ಕಾಲ ಬೇರೆ, ಅದರ ಸುದ್ದಿ ತಲುಪಿದ ಕಾಲ ಬೇರೆ. ಯಂತ್ರದ ದಿನಚರಿಯಿಂದ ಇವೆರಡನ್ನೂ ತಿಳಿಯಬೇಕು. ನಾಲ್ಕನೆಯದಾಗಿ, ಇದೇ ಲಕ್ಷಣ ಬೇರೆ ಶಾಖೆಗಳಲ್ಲಿಯೂ ಇದೆಯೇ ಎಂದು ವಿಚಾರಿಸಬೇಕು. ಇದ್ದರೆ ದೋಷವು ವ್ಯಕ್ತಿಯದಲ್ಲ, ವ್ಯವಸ್ಥೆಯದೆಂಬ ಶಂಕೆ ಬಲವಾಗುತ್ತದೆ. ಕಡೆಯದಾಗಿ, ತಿದ್ದುಪಡಿಯನ್ನು ಹಳೆಯದನ್ನು ಅಳಿಸದೆ ಪ್ರತಿನಮೂದಿನಿಂದ ಮಾಡಿ, ತಿದ್ದಿದವರು ಯಾರೆಂಬುದನ್ನೂ ದಾಖಲಿಸಬೇಕು.

ಹೊರೈಜನ್ ಪ್ರಕರಣದಲ್ಲಿ ಆದದ್ದು ಇದಕ್ಕೆ ವಿರುದ್ಧ. ಕೊರತೆಯನ್ನು ತುಂಬುವ ಹೊಣೆ ಉಪ ಅಂಚೆಪಾಲಕರ ಮೇಲೆ ಬಿದ್ದಿತು. ದೋಷಗಳ ಸುದ್ದಿ ಒಂದೆಡೆ, ಮೊಕದ್ದಮೆಗಳು ಇನ್ನೊಂದೆಡೆ ಉಳಿದವು. ಇಂಗ್ಲೆಂಡಿನ 1984ರ ಕಾಯಿದೆಯೊಂದು, ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂದು ವಿಧಿಸಿತ್ತು. ಆ ವಿಧಿಯನ್ನು 1999ರ ಕಾಯಿದೆ ತೆಗೆದುಹಾಕಿತು. ಯಂತ್ರ ಸರಿಯೆಂಬ ಊಹೆಯೇ ನಿಂತಿತು. ಹೊರೈಜನ್ ಲೆಕ್ಕಗಳು ಸಾಕ್ಷ್ಯವಾಗಿದ್ದ ಪ್ರಕರಣಗಳಲ್ಲಿ 900ಕ್ಕೂ ಹೆಚ್ಚು ಮಂದಿ ಕಳವು, ಸುಳ್ಳುಲೆಕ್ಕ ಮುಂತಾದ ಅಪರಾಧಗಳಿಗೆ ಗುರಿಯಾದರು; ಕೆಲವರು ಸೆರೆಮನೆಯನ್ನೂ ಕಂಡರು. ಅಲನ್ ಬೇಟ್ಸ್ ಅವರ ಮುಂದಾಳುತನದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ, ನ್ಯಾಯಮೂರ್ತಿ ಫ್ರೇಸರ್ ಅವರು 2019ರ ಡಿಸೆಂಬರಿನಲ್ಲಿ ತೀರ್ಪಿತ್ತು, ವ್ಯವಸ್ಥೆಯಲ್ಲಿ ಲೆಕ್ಕವನ್ನು ಕೆಡಿಸುವ ದೋಷಗಳಿದ್ದುವೆಂದೂ, ಶಾಖೆಯ ಲೆಕ್ಕದಲ್ಲಿ ಹೊರಗಿನಿಂದ ನಮೂದು ಸೇರಿಸುವುದು ಸಾಧ್ಯವಿತ್ತೆಂದೂ ನಿರ್ಣಯಿಸಿದರು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವು 39 ಮಂದಿಯ ಶಿಕ್ಷಾನಿರ್ಣಯಗಳನ್ನು ರದ್ದುಪಡಿಸಿತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು.

ಎರಡು ಪ್ರತಿಗಳು ಭಿನ್ನವಾಗಿದ್ದರೆ ಅದರಿಂದ ಸಿದ್ಧವಾಗುವುದು ಭಿನ್ನತೆಯೊಂದೇ, ಕಳವು ಸಿದ್ಧವಾಗುವುದಿಲ್ಲ. ದಾಖಲೆಯು ಓಲೆಯದಾಗಲಿ ಯಂತ್ರದ್ದಾಗಲಿ, ಅದು ಹುಟ್ಟಿ ನಡೆದುಬಂದ ದಾರಿಯನ್ನು ಪರೀಕ್ಷಿಸಿದ ಮೇಲೆಯೇ ಸಾಕ್ಷಿಯಾಗತಕ್ಕದ್ದು. ಮುಂದಿನ ಇತಿಹಾಸಕಾರರಿಗೆ ದೊರೆಯುವ ಆಕರಗಳಲ್ಲಿ ಬಹುಪಾಲು ಯಂತ್ರದ ದಾಖಲೆಗಳೇ ಆಗಿರುವುದರಿಂದ, ಈ ಪರೀಕ್ಷೆಯ ಶಿಸ್ತನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ರೂಢಿಸಿಕೊಳ್ಳುವುದು ಅವಶ್ಯಕ.