ಬಾಗಿದ ಗಾಜು ಚೆಂದ, ಕರೆಂಟ್ ಬಿಲ್ ಕಥೆ ಏನು?

ಇವತ್ತಿನ ಮಾತು ಗಾಜಿನ ಬಗ್ಗೆ. ದಾವಣಗೆರೆಯ ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಬೆಂಗಳೂರಿನ ಲಾಲ್‌ಬಾಗ್ ಮಾದರಿಯದ್ದು. ಗಾಜಿನ ಮನೆ ಅನ್ನೋದು ಗಿಡಗಳಿಗೆ ಬೆಳಕು ಸಿಗಲಿ ಅಂತಲೇ ಹುಟ್ಟಿದ ವಿನ್ಯಾಸ. ಆದ್ರೆ ಗುತ್ತೂರಿನಲ್ಲಿ ರಸ್ತೆ ಬದಿ ಒಂದು ಶೋರೂಮ್ ಕಟ್ಟಿಸಿ, ಮೂಲೆಗೆ ಬಾಗಿದ ಗಾಜು ಹಾಕಿಸಿದ್ರೆ ಲೆಕ್ಕ ಉಲ್ಟಾ. ಒಳಗೆ ಬಂದ ಬಿಸಿಲನ್ನೆಲ್ಲ ಎಸಿ ಹೊರಗೆ ಹಾಕಬೇಕು. ಬೆಸ್ಕಾಂ ಬಿಲ್ ನೀವು ಕಟ್ಟಬೇಕು.

ಅದಕ್ಕೆ ಅಂಗಡಿಯವರು ಹೇಳೋ ಪರಿಹಾರ ಇನ್ಸುಲೇಟೆಡ್ ಗ್ಲಾಸ್. ಎರಡು ಗಾಜು, ನಡುವೆ ಗಾಳಿ ಅಥವಾ ಆರ್ಗಾನ್ ಅನಿಲ, ಅಂಚಿಗೆ ಸೀಲ್. ಇಷ್ಟೇ ಸಾಕಾ?

ಒಂದು ಲೆಕ್ಕ ಮಾಡೋಣ. ಪಶ್ಚಿಮಕ್ಕೆ 10 ಚದರ ಮೀಟರ್ ಗಾಜು ಇದೆ. ಹೊರಗೆ 36 ಡಿಗ್ರಿ, ಒಳಗೆ 26. ಒಂಟಿ ಗಾಜಿನ ಮೂಲಕ ದಾಟಿ ಬರೋ ಶಾಖ ಸುಮಾರು 570 ವ್ಯಾಟ್. ಜೋಡಿ ಗಾಜಾದ್ರೆ ಸುಮಾರು 280. ಅಂದ್ರೆ ನಡುವಿನ ಗಾಳಿ ಉಳಿಸಿದ್ದು 290 ವ್ಯಾಟ್.

ಈಗ ನೇರ ಬಿಸಿಲು. ಚದರ ಮೀಟರಿಗೆ 600 ವ್ಯಾಟ್ ಅಂತ ಹಿಡಿಯಿರಿ. ಸಾದಾ ಒಂಟಿ ಗಾಜು ಅದರಲ್ಲಿ ಸುಮಾರು 80% ಒಳಗೆ ಬಿಡುತ್ತೆ: 4,800 ವ್ಯಾಟ್. ಸಾದಾ ಜೋಡಿ ಗಾಜು 70%: 4,200. ಬಿಸಿಲು ತಡೆಯೋ ಕೋಟಿಂಗ್ ಇರೋ ಜೋಡಿ ಗಾಜು 27% ಬಿಟ್ಟರೆ ಬರೀ 1,620. ಒಂಟಿ ಗಾಜಿಗಿಂತ ಕಡಿಮೆಯಾದ ಈ 3,180 ವ್ಯಾಟ್ ಹೆಚ್ಚುಕಮ್ಮಿ ಒಂದು ಟನ್ ಎಸಿಯ ಕೆಲಸ! ಚಳಿ ದೇಶಕ್ಕೆ ನಡುವಿನ ಗಾಳಿ ಮುಖ್ಯ, ನಮ್ಮೂರಿಗೆ ಕೋಟಿಂಗ್ ಮುಖ್ಯ.

ಬಾಗಿಸಿದ್ರೆ ಏನಾಗುತ್ತೆ? ಬಾಗಿದ್ದಕ್ಕೇ ಕರೆಂಟ್ ಉಳಿಯಲ್ಲ. ಸುತ್ತಿ ಬರೋ ಗಾಜಿನ ಒಂದಲ್ಲ ಒಂದು ಭಾಗ ದಿನದ ಹೆಚ್ಚಿನ ಹೊತ್ತು ಬಿಸಿಲಿಗೆ ಎದುರಾಗಿರುತ್ತೆ. ಗಾಜು ಬಗ್ಗಿಸೋಕೆ 600 ಡಿಗ್ರಿ ದಾಟಿ ಕಾಯಿಸ್ತಾರೆ, ಎಲ್ಲ ಕೋಟಿಂಗೂ ಅದನ್ನ ತಡೆಯಲ್ಲ. ಬಾಗಿದ ಗಾಜು ಬಿಗಿ ಜಾಸ್ತಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಗಾಜು ಬಳುಕಲ್ಲ, ಒತ್ತಡ ಸೀಲ್ ಮೇಲೆ ಬೀಳುತ್ತೆ. ಸೀಲ್ ಬಿಟ್ಟರೆ ಒಳಗೆ ಮಂಜು ಕಟ್ಟುತ್ತೆ. ಇನ್ನು ಒಳಬಾಗು ಅಪಾಯ: 2013ರಲ್ಲಿ ಲಂಡನ್ನಿನ 'ವಾಕಿ ಟಾಕಿ' ಕಟ್ಟಡ ಬಿಸಿಲನ್ನ ಒಂದೆಡೆ ಕೂಡಿಸಿ, ನಿಂತಿದ್ದ ಕಾರಿನ ಭಾಗಗಳನ್ನೇ ಕರಗಿಸಿತ್ತು.

ಉತ್ತರ ದಿಕ್ಕು ಸೇಫ್ ಅನ್ಕೋಬೇಡಿ. ಹರಿಹರ ಇರೋದು 14.5 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರ್ತಾನೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗಿರೋ 2017ರ ಇಸಿಬಿಸಿ ನಿಯಮದಲ್ಲೂ 15 ಡಿಗ್ರಿಗಿಂತ ಕೆಳಗಿನ ಊರುಗಳಿಗೆ ಉತ್ತರದ ಗಾಜಿಗೂ 0.27ರ ಮಿತಿಯೇ.

ಹಾಗಾಗಿ ಗಾಜು ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಎಸ್‌ಎಚ್‌ಜಿಸಿ, ಅಂದ್ರೆ ಒಳಗೆ ಬಿಡೋ ಬಿಸಿಲಿನ ಪಾಲು, 0.27 ಒಳಗಿದೆಯಾ? ಕೋಟಿಂಗ್ ಬಗ್ಗಿಸೋ ಶಾಖ ತಡೆಯುತ್ತಾ? ಸೀಲ್‌ಗೆ ಎಷ್ಟು ವರ್ಷ ವಾರಂಟಿ? ಉತ್ತರ ಬರವಣಿಗೆಯಲ್ಲಿ ಸಿಗಲಿಲ್ಲ ಅಂದ್ರೆ ಗಾಜು ಕಡಿಮೆ ಮಾಡಿ, ಮೇಲೊಂದು ಸಜ್ಜಾ ಹಾಕಿಸಿ. ಬಿಸಿಲನ್ನ ಹೊರಗೇ ನಿಲ್ಲಿಸೋದು ಯಾವತ್ತೂ ಅಗ್ಗ.