ತೊಗರಿಯ ಕಾಯಿಕೊರಕಕ್ಕೆ ನಂಜಾಣುವಿನ ಮದ್ದು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಪ್ಪು ಹೊಲಗಳಲ್ಲೂ ವಾಡಿ, ಶಹಾಬಾದ್ ಸುತ್ತಿನ ಸುಣ್ಣಕಲ್ಲಿನ ಸೀಮೆಯಲ್ಲೂ ಮಳೆಯನ್ನೇ ನಂಬಿ ಬೆಳೆಯುವ ತೊಗರಿಯ ಬೇಳೆಗೆ 2019ರಲ್ಲಿ ಗುಲ್ಬರ್ಗಾದ (ಇಂದಿನ ಕಲಬುರಗಿ) ಹೆಸರಿನಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಹೂ ಕಟ್ಟಿದಂದಿನಿಂದ ಕಾಯಿ ಬಲಿಯುವವರೆಗೆ ಈ ಬೆಳೆಯನ್ನು ಕಾಡುವ ಮುಖ್ಯ ಶತ್ರುವೆಂದರೆ ಹೆಲಿಕೋವರ್ಪಾ ಆರ್ಮಿಜೆರಾ ಎಂಬ ಪತಂಗದ ಮರಿಹುಳು, ಅಂದರೆ ಕಾಯಿಕೊರಕ. ಮೊಗ್ಗು, ಹೂಗಳ ಮೇಲೆ ಬಿಡಿಬಿಡಿಯಾಗಿ ಇಟ್ಟ ಮೊಟ್ಟೆಗಳಿಂದ ಹೊರಬರುವ ಮರಿಗಳು ಮೊದಲು ಹೂಮೊಗ್ಗನ್ನು ತಿಂದು, ಬೆಳೆದಂತೆ ಕಾಯಿಗೆ ತೂತು ಕೊರೆದು, ತಲೆಯನ್ನಷ್ಟೇ ಒಳಗಿಟ್ಟು ಕಾಳನ್ನು ಬರಿದು ಮಾಡುತ್ತವೆ. 1980ರ ದಶಕದ ಕೊನೆಯಲ್ಲಿ ನೆರೆಯ ಆಂಧ್ರದಲ್ಲಿ ಈ ಹುಳು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೂ ಜಗ್ಗದಂತಾದುದು ಕಂಡುಬಂದ ಮೇಲೆ, ಕೀಟಕ್ಕೆ ಅದರ ಸಹಜ ಶತ್ರುವನ್ನೇ ಎದುರಿಡುವ ಜೈವಿಕ ನಿಯಂತ್ರಣದ ಅಗತ್ಯ ಇನ್ನಷ್ಟು ಸ್ಪಷ್ಟವಾಯಿತು.

ಆದರೆ ಇಲ್ಲಿ ತೊಗರಿ ಗಿಡವೇ ಒಂದು ತೊಡಕಾಗಿದೆ. ಇತರ ಕೀಟಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅವನ್ನು ನಾಶಮಾಡುವ ಟ್ರೈಕೊಗ್ರಾಮಾ ಎಂಬ ಅತಿ ಸಣ್ಣ ಕಣಜ ಜೋಳದ ತೆನೆಯ ಮೇಲೆ ಚೆನ್ನಾಗಿ ಕೆಲಸ ಮಾಡಿದರೂ, ತೊಗರಿಯ ಹೂ-ಕಾಯಿಗಳ ಮೇಲಿನ ಅಂಟು ಸೂಸುವ ರೋಮಗಳ ನಡುವೆ ಓಡಾಡಲಾರದೆ ಸೋಲುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸಾಟ್ ಸಂಸ್ಥೆಯ ಅಧ್ಯಯನಗಳು ತೋರಿಸಿಕೊಟ್ಟ ಈ ಸಂಗತಿ ಬಹಳ ಮುಖ್ಯವಾದುದು. ಒಂದು ಬೆಳೆಯಲ್ಲಿ ಗೆದ್ದ ಉಪಾಯವನ್ನು ಹಾಗೆಯೇ ಇನ್ನೊಂದಕ್ಕೆ ಹೊತ್ತುತರಲು ಬಾರದು.

ತೊಗರಿಯಲ್ಲಿ ಹೆಚ್ಚು ಭರವಸೆ ಮೂಡಿಸಿರುವುದು ಎನ್‌ಪಿವಿ ಎಂಬ ನಂಜಾಣು, ಅಂದರೆ ಈ ಹುಳುವಿಗೆ ರೋಗ ತರುವ ವೈರಸ್. ಎಲೆ-ಕಾಯಿಗಳ ಜೊತೆ ಹೊಟ್ಟೆ ಸೇರಿದ ನಂಜಾಣುವಿನ ಹರಳುಗಳು ಕ್ಷಾರಗುಣದ ಕರುಳಿನಲ್ಲಿ ಕರಗಿ, ಜೀವಕೋಶಗಳ ಕೇಂದ್ರದಲ್ಲಿ ನಂಜಾಣು ವೃದ್ಧಿಯಾಗುತ್ತದೆ. ಕೆಲವು ದಿನಗಳಲ್ಲಿ ಹುಳು ಗಿಡದ ತುದಿಗೇರಿ ತಲೆಕೆಳಗಾಗಿ ನೇತುಬಿದ್ದು ಸಾಯುತ್ತದೆ, ಅದರ ಒಡೆದ ಚರ್ಮದಿಂದ ಸೋರುವ ದ್ರವ ಉಳಿದ ಹುಳುಗಳಿಗೂ ರೋಗ ಹರಡುತ್ತದೆ. ಜೇನ್ನೊಣಕ್ಕಾಗಲಿ ಮನುಷ್ಯರಿಗಾಗಲಿ ಇದರಿಂದ ಅಪಾಯವಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ತಯಾರಿಸಲು ಹುಳುಗಳನ್ನೇ ಸಾಕಬೇಕಾಗುತ್ತದೆ. ಅವು ಒಂದನ್ನೊಂದು ತಿನ್ನುವ ಸ್ವಭಾವದವಾದುದರಿಂದ ಕಡಲೆ ಹಿಟ್ಟಿನ ಆಹಾರ ತುಂಬಿದ ಬೇರೆಬೇರೆ ಗೂಡುಗಳಲ್ಲಿ ಒಂದೊಂದನ್ನೇ ಬೆಳೆಸಿ, ಸೋಂಕು ತಗುಲಿಸಿ, ಸತ್ತವನ್ನು ಅರೆದು ಸೋಸುತ್ತಾರೆ. ಹೆಕ್ಟೇರಿಗೆ 250 ಎಲ್.ಇ., ಅಂದರೆ ರೋಗದಿಂದ ಸತ್ತ ಸುಮಾರು 250 ಹುಳುಗಳಿಂದ ದೊರೆಯುವಷ್ಟು ನಂಜಾಣು ಬೇಕು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಬೇಗ ನಿಷ್ಕ್ರಿಯವಾಗುವುದರಿಂದ ದ್ರಾವಣಕ್ಕೆ ಬೆಲ್ಲ ಬೆರೆಸಿ ಸಂಜೆ ಸಿಂಪಡಿಸುತ್ತಾರೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್‌ನಂಥ ತೊಗರಿ ತಳಿಗಳಿಗೆ ಹೆಸರಾಗಿರುವಂತೆ ಕೀಟಗಳ ಅಧ್ಯಯನಕ್ಕೂ ನೆಲೆಯಾಗಿದೆ. ಗಂಡು ಪತಂಗಗಳನ್ನು ಸೆಳೆದು ದಾಳಿಯ ಮುನ್ಸೂಚನೆ ಕೊಡುವ ಮೋಹಕ ಬಲೆ, ಹಕ್ಕಿ ಕೂರಲು ನೆಡುವ ಕೋಲು, ಬೇವಿನ ಬೀಜದ ಕಷಾಯ ಇವೆಲ್ಲ ನಂಜಾಣುವಿನ ಜೊತೆಗೇ ನಡೆಯಬೇಕಾದ ಕ್ರಮಗಳು. ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳು ಉದುರಿಸಿ ಕೊಲ್ಲುವ ಈ ಭಾಗದ ರೈತರ ಹಳೆಯ ರೂಢಿಯೂ ಇಲ್ಲಿ ಗೌರವದ ಸ್ಥಾನಕ್ಕೆ ಅರ್ಹ, ಏಕೆಂದರೆ ನಂಜಾಣು ಬೇಗ ಫಲ ಕೊಡುವುದು ಎಳೆಯ ಮರಿಗಳ ಮೇಲೆ ಮಾತ್ರ. ಬಲಿತ ಹುಳು ಸಾಯುವ ಮುನ್ನ ಹಲವು ಕಾಯಿಗಳನ್ನು ಕೆಡಿಸಿಬಿಡುತ್ತದೆ, ಆ ಹಂತದಲ್ಲಿ ಅದನ್ನು ಕೈಯಿಂದ ಉದುರಿಸುವುದೇ ಮೇಲು.