ರಲ್ಪ: ಬೀದಿಯಲ್ಲಿ ಕುಣಿದವರ ಡೋಲು ಈಗ ಯಾರ ಆಸ್ತಿ?

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದ ಗೆಳೆಯರನ್ನು ‘ಟಿಬೆಟಿಯನ್ನರ ಡೋಲು ಕುಣಿತ ಗೊತ್ತಾ?’ ಅಂತ ಕೇಳಿ ನೋಡಿ. ಭಿಕ್ಷುಗಳು ಮುಖವಾಡ ಹಾಕಿಕೊಂಡು ಕುಣಿಯುವ ವಿಡಿಯೋ ತೋರಿಸುತ್ತಾರೆ. ಅದು ಛಾಮ್, ಮಠದೊಳಗಿನ ಧಾರ್ಮಿಕ ಆಚರಣೆ. ನಾನು ಹೇಳಹೊರಟಿರುವ ಕುಣಿತಕ್ಕೆ ಮಠವೂ ಇಲ್ಲ, ಮುಖವಾಡವೂ ಇಲ್ಲ. ಅದರ ಹೆಸರು ರಲ್ಪ.

ರಲ್ಪ ಹುಟ್ಟಿದ್ದು ಪೂರ್ವ ಟಿಬೆಟ್‌ನ ಖಾಮ್ ಪ್ರದೇಶದಲ್ಲಿ. ಗಂಡಸರ ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಯಾಕ್ ಬಾಲದ ಕುಚ್ಚು. ಡೋಲು ಇರೋದು ಹೆಂಗಸರ ಕೈಯಲ್ಲಿ. ಹಿಡಿಕೆ ಇರುವ ಚಪ್ಪಟೆ ಡೋಲು, ಬಾಗಿದ ಕೋಲು. ನಿಧಾನಕ್ಕೆ ಶುರುವಾಗುವ ಬಡಿತ ಏರುತ್ತಾ ಹೋಗುತ್ತದೆ. ಹೆಂಗಸರು ಡೋಲನ್ನು ತಲೆಯ ಮೇಲಕ್ಕೆತ್ತಿ ಬಾರಿಸುತ್ತಲೇ ಮೈ ತಿರುಗಿಸುತ್ತಾರೆ. ಗಂಡಸರು ಮೈಯನ್ನು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಚಾಚಿ ಗಾಳಿಯಲ್ಲಿ ಸುತ್ತುತ್ತಾರೆ. ಸೊಂಟಕ್ಕೆ ಕಟ್ಟಿದ ಕುಚ್ಚುಗಳು ಛತ್ರಿಯಂತೆ ಬಿಚ್ಚಿಕೊಳ್ಳುತ್ತವೆ. ಇಂಜಿನಿಯರಿಂಗ್‌ನಲ್ಲಿ ಕೋನೀಯ ಸಂವೇಗವನ್ನು ಮೂರು ಸೆಮಿಸ್ಟರ್ ಓದಿದವನು ನಾನು. ಅದನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲ.

ಐತಿಹ್ಯ ಇದನ್ನು ಸಂತ ಕವಿ ಮಿಲರೇಪನ ಪರಂಪರೆಗೆ ಜೋಡಿಸುತ್ತದೆ. ‘ರೇಪ’ ಅಂದರೆ ಹತ್ತಿಬಟ್ಟೆ ಉಟ್ಟವನು. ನಡುಕ ಹುಟ್ಟಿಸುವ ಚಳಿಯಲ್ಲೂ ಒಂದೇ ಬಟ್ಟೆಯಲ್ಲಿ ಹಾಡುತ್ತಾ ಅಲೆದ ಯೋಗಿ. ಅಲೆಮಾರಿ ಕಲಾವಿದರು ಅವನನ್ನೇ ತಮ್ಮ ಮೂಲಪುರುಷ ಎಂದುಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಯಾಕಂದ್ರೆ ರಲ್ಪ ಕುಣಿಯುತ್ತಿದ್ದ ಕುಟುಂಬಗಳೂ ಊರಿಂದೂರಿಗೆ ನಡೆದವರೇ. ಕುಣಿತ, ಹಾಡು, ದೊಂಬರಾಟ, ತಮಾಷೆ ಎಲ್ಲಾ ಸೇರಿಸಿ ಆಡಿ, ಜನ ಕೊಟ್ಟದ್ದನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದರು. ಕುಣಿತ ಎಲ್ಲರಿಗೂ ಬೇಕಿತ್ತು, ಕುಣಿದವರಿಗೆ ಮಾತ್ರ ಸಮಾಜದಲ್ಲಿ ಕೆಳಗಿನ ಜಾಗ.

ಇಲ್ಲಿಂದ ರಾಜಕೀಯ ಶುರು. 1950ರ ದಶಕದ ನಂತರ ಚೀನಾ ಸರ್ಕಾರ ಈ ಕಲಾವಿದರಲ್ಲಿ ಕೆಲವರನ್ನು ಸರ್ಕಾರಿ ತಂಡಗಳಿಗೆ ಸೇರಿಸಿಕೊಂಡಿತು. ಭಿಕ್ಷೆ ಬೇಡುತ್ತಿದ್ದವರಿಗೆ ಸಂಬಳ, ವೇದಿಕೆ, ಗೌರವ ಸಿಕ್ಕಿತು. ಇದು ಸುಳ್ಳಲ್ಲ. ಜೊತೆಗೆ ಕುಣಿತ ಸಮಯಕ್ಕೆ ತಕ್ಕಂತೆ ಕತ್ತರಿಸಿದ ಸ್ಟೇಜ್ ಐಟಂ ಆಯಿತು, ‘ವಿಮೋಚನೆಗೊಂಡ ಜೀತದಾಳುಗಳ ಕಲೆ’ ಎಂಬ ಪ್ರಚಾರದ ಕಥೆಯೊಳಗೆ ಸೇರಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಹಳೆಯದೆಲ್ಲವೂ ಅಪರಾಧವಾಯಿತು. ಕೊನೆಗೆ 2006ರಲ್ಲಿ ಅದೇ ಸರ್ಕಾರ ರಲ್ಪವನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿಸಿತು.

ಪಟ್ಟಿ ಅಂದ್ರೆ ಬರೀ ಸರ್ಟಿಫಿಕೇಟ್ ಅಲ್ಲ. ಯುನೆಸ್ಕೋದ 2003ರ ಒಪ್ಪಂದದ ಪ್ರಕಾರ ಯಾವುದೇ ಕಲೆಯನ್ನು ಅದರ ಪಟ್ಟಿಗೆ ಸೂಚಿಸುವ ಅಧಿಕಾರ ಇರೋದು ಸದಸ್ಯ ರಾಷ್ಟ್ರಗಳಿಗೆ. ಸಮುದಾಯದ ಒಪ್ಪಿಗೆ ಬೇಕು ಎಂದು ಬರೆದಿದೆ, ಆದರೆ ಅರ್ಜಿ ಹಾಕುವುದು ಸರ್ಕಾರವೇ. ಟಿಬೆಟಿಯನ್ ಒಪೆರಾವನ್ನೂ ಗೆಸರ್ ಮಹಾಕಾವ್ಯ ಪರಂಪರೆಯನ್ನೂ 2009ರಲ್ಲಿ ಅಲ್ಲಿಗೆ ಸೇರಿಸಿದ್ದು ಚೀನಾ. ಧರ್ಮಶಾಲಾದ ಗಡೀಪಾರು ಆಡಳಿತಕ್ಕೆ ಆ ಟೇಬಲ್‌ನಲ್ಲಿ ಕುರ್ಚಿಯೇ ಇಲ್ಲ. ಒಂದು ಜನಾಂಗದ ಕಲೆ ಯಾರ ಹೆಸರಲ್ಲಿ ನೋಂದಣಿಯಾಗಬೇಕು ಅನ್ನೋದನ್ನು ಗಡಿ ತೀರ್ಮಾನ ಮಾಡುತ್ತದೆ.

ಹಾಗಂತ ಗಡೀಪಾರಿನಲ್ಲಿರುವುದೇ ‘ಅಸಲಿ’ ಎನ್ನುವುದೂ ಸೋಮಾರಿತನ. ದಲೈ ಲಾಮಾ ಭಾರತಕ್ಕೆ ಬಂದ 1959ರಲ್ಲೇ ಟಿಬೆಟಿಯನ್ ಪ್ರದರ್ಶನ ಕಲೆಗಳ ಸಂಸ್ಥೆ ಹುಟ್ಟಿತು. ನಿರಾಶ್ರಿತರಿಗೆ ರೇಷನ್ನೇ ಸರಿಯಾಗಿ ಇಲ್ಲದ ವರ್ಷದಲ್ಲಿ ಕುಣಿತಕ್ಕೊಂದು ಸಂಸ್ಥೆ! ಅಲ್ಲಿ ತರಬೇತಾದವರು ಟಿಬೆಟಿಯನ್ ಶಾಲೆಗಳಿಗೆ ಮೇಷ್ಟ್ರಾಗಿ ಹೋದರು. ಅಲೆಮಾರಿ ಕುಟುಂಬದೊಳಗೆ ಕೈಯಿಂದ ಕೈಗೆ ದಾಟುತ್ತಿದ್ದ ವಿದ್ಯೆ ಇಲ್ಲೂ ತರಗತಿಯ ಪಾಠವಾಯಿತು, ಅಲ್ಲಿಯಂತೆಯೇ. ಹಳೆಯ ಟಿಬೆಟ್‌ನಲ್ಲಿ ಈ ಕುಣಿತದವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬ ಮಾತು ವೇದಿಕೆಯ ಮೇಲಿನ ಪರಿಚಯ ಭಾಷಣದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ನಮ್ಮ ಪಾಲೂ ಇದರಲ್ಲಿದೆ. ಆಗಿನ ಮೈಸೂರು ರಾಜ್ಯ 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ಇವರಿಗೆ ಜಾಗ ಕೊಟ್ಟಿತು. ಆ ಶಿಬಿರಗಳ ಯುವಜನ ಈಗ ಕೆನಡಾ, ಅಮೆರಿಕಕ್ಕೆ ಹೊರಡುತ್ತಿದ್ದಾರೆ. ರಲ್ಪಕ್ಕೆ ಕನಿಷ್ಠ ಒಂದು ತಂಡ ಬೇಕು: ಬಾರಿಸುವವರು, ಸುತ್ತುವವರು, ಲಯ ಹಿಡಿಯುವವರು. ಜುಲೈ 6ಕ್ಕೆ, ದಲೈ ಲಾಮಾ ಹುಟ್ಟುಹಬ್ಬದ ದಿನ, ಶಿಬಿರಗಳಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಇರುತ್ತದೆ. ಮೈಸೂರಿನಿಂದ ಬಸ್ ಇದೆ, ಒಂದೂವರೆ ಎರಡು ಗಂಟೆ ದಾರಿ. ಮೊಮೊ ತಿಂದು ವಾಪಸ್ ಬರುವ ಮುಂಚೆ ಡೋಲು ಯಾರ ಕೈಯಲ್ಲಿದೆ ಅಂತ ಒಮ್ಮೆ ನೋಡಿ.